ಅಂಪೈರ್ ಅಂದರೆ ಬೆಸದವನು

ಅಂಪೈರ್ ಎಂಬ ಪದ ಕ್ರಿಕೆಟ್ಟಿಗಿಂತ ಎಷ್ಟೋ ಹಳೆಯದು. ಮಧ್ಯಕಾಲದ ಇಂಗ್ಲಿಷಿನಲ್ಲಿ ಅದು 'ನೌಂಪೆರ್'. ಹಳೆಯ ಫ್ರೆಂಚಿನಿಂದ ಬಂದದ್ದು: 'ನಾನ್' ಅಂದರೆ ಅಲ್ಲ, 'ಪೆರ್' ಅಂದರೆ ಸಮ. ಮಕ್ಕಳು ಹುಣಸೆಬೀಜ ಮುಷ್ಟಿಯಲ್ಲಿ ಹಿಡಿದು 'ಸಮವೋ ಬೆಸವೋ' ಅನ್ನುತ್ತಾರಲ್ಲ, ಆ ಬೆಸವೇ ಇದು. ವ್ಯಾಜ್ಯದಲ್ಲಿ ಎರಡೂ ಕಡೆಯವರು ಒಬ್ಬೊಬ್ಬ ಮಧ್ಯಸ್ಥನನ್ನು ತರುತ್ತಾರೆ. ಆ ಇಬ್ಬರಲ್ಲೇ ಒಮ್ಮತ ಬರದಿದ್ದರೆ ತೀರ್ಪು ಕೊಡಲು ಮೂರನೆಯವನು ಬೇಕು. ಅವನೇ ಬೆಸದವನು.

ಈ ಅರ್ಥ ನಮ್ಮ ಕಾನೂನಿನಲ್ಲೂ ಬಹುಕಾಲ ಉಳಿದಿತ್ತು. 1940ರ ಆರ್ಬಿಟ್ರೇಷನ್ ಕಾಯ್ದೆಯ ಪ್ರಕಾರ ಮಧ್ಯಸ್ಥರ ಸಂಖ್ಯೆ ಸಮವಾಗಿದ್ದರೆ, ಅವರು ಒಂದು ತಿಂಗಳೊಳಗೆ ಅಂಪೈರನ್ನು ನೇಮಿಸಬೇಕಿತ್ತು. 1996ರ ಕಾಯ್ದೆ ಸಂಖ್ಯೆ ಸಮ ಇರಲೇಬಾರದು ಎಂದಿತು.

ಇನ್ನು ಮೊದಲಿನ 'ನ್' ಎಲ್ಲಿ ಹೋಯಿತು? ಹಿಂದಿನ ಪದಕ್ಕೆ, ಅಂದರೆ ಇಂಗ್ಲಿಷಿನಲ್ಲಿ 'ಒಬ್ಬ', 'ಒಂದು' ಎನ್ನಲು ಬಳಸುವ 'ಅ'ಗೆ ಅಂಟಿಕೊಂಡಿತು; ಸ್ವರದ ಮುಂದೆ ಅದು 'ಅನ್' ಆಗುತ್ತದೆ. 'ಅ ನೌಂಪೆರ್' ಎಂದು ಬೇಗ ಹೇಳಿನೋಡಿ, ಕಿವಿಗೆ 'ಅನ್ ಔಂಪೆರ್' ಎಂದೂ ಕೇಳುತ್ತದೆ. ಎಲ್ಲಿ ಕಡಿಯಬೇಕೆಂದು ಕಿವಿ ಹೇಳುವುದಿಲ್ಲ. 'ನೇಪ್ರನ್' ಏಪ್ರನ್ ಆದದ್ದೂ ಹೀಗೇ. ಅದರ ಒಡಹುಟ್ಟಾದ ನ್ಯಾಪ್‌ಕಿನ್ನಿನಲ್ಲಿ 'ನ್' ಇನ್ನೂ ಇದೆ. ತಿರುಗುಮುರುಗಾದದ್ದೂ ಉಂಟು: 'ಅನ್ ಈಕ್‌ನೇಮ್', ಅಂದರೆ ಇನ್ನೊಂದು ಹೆಸರು, 'ನ್' ಕಡ ತಂದು ನಿಕ್‌ನೇಮ್ ಆಯಿತು. ಇಂಥ ಪದ ಸಿಕ್ಕಾಗ ಒಡಹುಟ್ಟಿದ ಪದ ಹುಡುಕುವುದೇ ಒಳ್ಳೆಯ ಪರೀಕ್ಷೆ.

ಈ ಪಟ್ಟಿಗೆ ಆರೆಂಜನ್ನೂ ಸೇರಿಸಿಬಿಡುತ್ತಾರೆ. ಅದು ತಪ್ಪು. ಸಂಸ್ಕೃತದ ನಾರಂಗ ಪರ್ಷಿಯನ್, ಅರಬ್ಬಿ ದಾಟಿ ಯುರೋಪಿಗೆ ಹೋದದ್ದು ನಿಜ, 'ನ್' ಬಿದ್ದದ್ದೂ ನಿಜ. ಆದರೆ ಬಿದ್ದದ್ದು ಇಂಗ್ಲಿಷಿಗೆ ಬರುವ ಮೊದಲೇ. ಹಾಗೇ ಅಂಪೈರಿಗೂ ಸಾಮ್ರಾಜ್ಯದ ಎಂಪೈರಿಗೂ ನಂಟಿಲ್ಲ, ಹೋಲಿಕೆ ಕಿವಿಗಷ್ಟೇ. ನಿಜವಾದ ನೆಂಟರು ಜೋಡಿಯ ಪೇರ್, ಸರಿಸಮಾನನ ಪಿಯರ್.

1992ರ ನವೆಂಬರಿನಲ್ಲಿ ಡರ್ಬನ್ ಟೆಸ್ಟ್‌ನಲ್ಲಿ ಟಿವಿ ನೋಡಿ ಸಚಿನ್ ತೆಂಡೂಲ್ಕರ್ ರನೌಟ್ ಎಂದು ತೀರ್ಪು ಕೊಟ್ಟವನನ್ನು ಥರ್ಡ್ ಅಂಪೈರ್ ಅಂದೆವು. ಮೂಲದ ಲೆಕ್ಕದಲ್ಲಿ ಅಂಪೈರ್ ಅಂದರೇ ಮೂರನೆಯವನು. ಫುಟ್‌ಬಾಲ್‌ನಲ್ಲಂತೂ ಅರ್ಥ ಪೂರ್ತಿ ಅದಲುಬದಲು: ಮೊದಲು ಎರಡು ತಂಡಕ್ಕೂ ಒಬ್ಬೊಬ್ಬ ಅಂಪೈರ್, ಅವರಿಗೆ ಒಮ್ಮತ ಬರದಿದ್ದರೆ ಗೆರೆಯಾಚೆ ನಿಂತ ರೆಫರಿಯ ಮಾತೇ ಕೊನೆ. 1891ರಲ್ಲಿ ರೆಫರಿ ಮೈದಾನದೊಳಗೆ ಬಂದ, ಅಂಪೈರುಗಳು ಗೆರೆಗೆ ಸರಿದು ಲೈನ್ಸ್‌ಮನ್‌ಗಳಾದರು.