ಟೇಬಲ್ ಏಳರ ಗ್ರಿನ್ಯೊಲಿನೊ

ಶನಿವಾರ ರಾತ್ರಿ, ನಮ್ಮ ರೆಸ್ಟೊರೆಂಟಿನ ಸೀಟೆಲ್ಲ ಫುಲ್, ಅಡುಗೆಮನೆಯ ಕಟ್ಟೆ ಮೇಲೆ ಆರ್ಡರ್ ಚೀಟಿಗಳು ಒಂದರ ಮೇಲೊಂದು. ಇಟಲಿಯ ಟೊರಿನೊದಲ್ಲಿ ಊಟಕ್ಕೆ ಬಂದವರೆಲ್ಲ ಹೆಸರಾಂತ ಕೆಂಪು ವೈನ್ ಬರೊಲೊ ಬರೊಲೊ ಅನ್ನುವಾಗ ಟೇಬಲ್ ಏಳರ ಹಿರಿಯರೊಬ್ಬರು ವಿತೆಲ್ಲೊ ತೊನ್ನಾತೊ (ಟ್ಯೂನಾ ಸಾಸಿನ ಕರುವಿನ ಮಾಂಸ) ಜೊತೆಗೆ ಗ್ರಿನ್ಯೊಲಿನೊ ದಾಸ್ತಿ ಅನ್ನುವ ತೆಳು ಕೆಂಪು ವೈನ್ ಕೇಳಿದರು. ನನಗೆ ಖುಷಿಯೋ ಖುಷಿ. ಫ್ರಿಜ್ಜಿನಿಂದ ತೆಗೆದು, ಕಾರ್ಕ್ ಬಿಚ್ಚಿ, ಸುರಿದೆ.

ಒಂದು ಗುಟುಕು ಕುಡಿದು ಗ್ಲಾಸ್ ಕೆಳಗಿಟ್ಟರು. "ಬೀಜ ಕಚ್ಚಿದ ಹಾಗಿದೆ."

ಓಹೋ, ಈ ದ್ರಾಕ್ಷಿ ತಳಿ ಗೊತ್ತಿಲ್ಲದವರು ಅಂದುಕೊಂಡೆ. ಭಾಷಣ ರೆಡಿ ಇತ್ತು: ಸಿಪ್ಪೆಯಲ್ಲಿ ಬಣ್ಣ ಕಮ್ಮಿ, ಅದಕ್ಕೇ ಇಷ್ಟು ತೆಳು ಕೆಂಪು, ಬೀಜ ಮಾತ್ರ ಜಾಸ್ತಿ, ಅದಕ್ಕೇ ಈ ಒಗರು, ಇದರ ಗುಣವೇ ಹಾಗೆ ಸಾರ್. ಸಾಲದ್ದಕ್ಕೆ, "ಬಾರ್ಬೆರಾ ತರಲೇ? ಹುಳಿ ಮುಂದಿದ್ದರೂ ಒಗರು ಕಮ್ಮಿ" ಅಂತಲೂ ಕೇಳಿದೆ. ಅವರು ಉತ್ತರ ಕೊಡಲಿಲ್ಲ. ಗ್ಲಾಸನ್ನು ಎರಡೂ ಅಂಗೈಗಳ ನಡುವೆ ಹಿಡಿದು ನನ್ನನ್ನೇ ನೋಡುತ್ತಾ ಕೂತರು. ಅಡುಗೆಮನೆ ಬೆಲ್ ಹೊಡೆಯುತ್ತಿದೆ, ಟೇಬಲ್ ಹತ್ತರವರು ಕೈ ಎತ್ತಿದ್ದಾರೆ, ನಾನು ಕದಲುವ ಹಾಗಿಲ್ಲ. ಅವರ ಹೆಂಡತಿ ಬ್ರೆಡ್ ಮುರಿಯುತ್ತಾ ನಗು ತಡೆದುಕೊಂಡಿದ್ದರು.

ಕೊನೆಗೆ ಗ್ಲಾಸ್ ನನ್ನತ್ತ ಚಾಚಿ, "ಈಗ ಮೂಸು" ಅಂದರು. ಸ್ಟ್ರಾಬೆರಿ, ಹಿಂದೆಯೇ ಬಿಳಿ ಮೆಣಸು. ಸುರಿದಾಗ ಇದಾವುದೂ ಇರಲಿಲ್ಲ. ತಣ್ಣಗಾದಷ್ಟೂ ಪರಿಮಳ ಅಡಗುತ್ತದೆ, ಒಗರು ಬಲಿಯದ ನೇರಳೆ ತಿಂದಂತೆ ನಾಲಿಗೆ ಹಿಡಿಯುತ್ತದೆ. 14 ಡಿಗ್ರಿಯಲ್ಲಿ ಕೊಡಬೇಕಾದದ್ದನ್ನು 8ರಲ್ಲಿ ಕೊಟ್ಟು, ಮೇಲೆ ಪಾಠ ಬೇರೆ. ಅವರು ಯಾರೆಂದು ಕೊನೆಗೂ ತಿಳಿಯಲಿಲ್ಲ. ಕೇಳುವ ಮುಖ ನನಗಿರಲಿಲ್ಲ.

ಅದು ಫ್ರಿಜ್ಜಿಗೆ ಹೋದದ್ದು ಹೇಗೆ? ನಮ್ಮ ಸ್ಟಾಕ್ ಆ್ಯಪಿಗೆ ಗೊತ್ತಿರುವುದು ಮೂರೇ ಜಾತಿ: ಕೆಂಪು, ಬಿಳಿ, ಗುಲಾಬಿ ಬಣ್ಣದ ರೋಸೆ. ಬಾಟಲಿಯ ಬಣ್ಣ ನೋಡಿ ಯಾರೋ ರೋಸೆ ಒತ್ತಿದ್ದಾರೆ, ರೋಸೆ ಅಂದಮೇಲೆ ಫ್ರಿಜ್ಜಿಗೆ. ನಮ್ಮ ಪಿಯೆಮೊಂತೆ ಪ್ರಾಂತ್ಯದ ವೈನ್‌ಗಳಲ್ಲಿ ಬಣ್ಣ ನಂಬಿದರೆ ಕೆಟ್ಟಂತೆಯೇ. ಬರೊಲೊ ಮಾಡುವ ನೆಬ್ಬಿಯೊಲೊ ದ್ರಾಕ್ಷಿಯ ಬಣ್ಣ ನೋಡಲು ತೆಳು, ಒಗರಿನಲ್ಲಿ ರಾಕ್ಷಸ. ದೊಲ್ಚೆತ್ತೊ ಕಡುನೇರಳೆ, ಆದರೂ ಎಳೆಯದಿದ್ದಾಗಲೇ ಹಾಯಾಗಿ ಕುಡಿಯಬಹುದು. ವೆರ್ದೂನೊ ಊರಿನ ಪೆಲಾವೆರ್ಗ ಮತ್ತೊಂದು ತೆಳು ಕೆಂಪು, ಮೂಸಿದರೆ ನೇರ ಮೆಣಸು. ನನ್ನ ಪ್ರೀತಿಯ ರುಕೆ ಗ್ಲಾಸಿಗೆ ಬಿದ್ದ ಕೂಡಲೇ ಗುಲಾಬಿ. ಕಾಸ್ತನ್ಯೊಲೆ ಮೊನ್ಫೆರ್ರಾತೊ ಊರಿನ ಪಾದ್ರಿ ಜಾಕೊಮೊ ಕೌದಾ ಕೈಹಿಡಿಯದಿದ್ದರೆ ಆ ತಳಿ ಇಷ್ಟು ಹೊತ್ತಿಗೆ ಕಣ್ಮರೆಯಾಗುತ್ತಿತ್ತೇನೋ. 2010ರಲ್ಲಿ ಅದಕ್ಕೆ ಇಟಲಿಯ ವೈನ್‌ಗಳ ಅತ್ಯುನ್ನತ ದರ್ಜೆಯಾದ ಡಿಒಸಿಜಿ ಸಿಕ್ಕಿತು. ಶಿಫ್ಟ್ ಮುಗಿದ ಮೇಲೆ ಉಳಿದ ಬಾಟಲಿಗಳ ತಳ ಹಂಚಿಕೊಂಡು ಕಲಿತದ್ದೇ ಇದೆಲ್ಲ. ಮ್ಯಾನೇಜ್‌ಮೆಂಟ್ ಕೊಟ್ಟ ಟ್ರೈನಿಂಗ್ ಅಂದರೆ ಒಂದು ಪಿಡಿಎಫ್.

ಮ್ಯಾನೇಜರಿಗೆ ಹೇಳಿದೆ. ಮರುದಿನವೇ ಫರ್ಮಾನು: ಕೆಂಪು ಅನ್ನುವುದೆಲ್ಲ ಫ್ರಿಜ್ಜಿನಿಂದ ಹೊರಗೆ. ಗ್ರಿನ್ಯೊಲಿನೊ ಬಚಾವಾಯಿತು. ಅದರ ಜೊತೆಗೆ ತಣ್ಣಗೇ ಇರಬೇಕಾದ ಸಿಹಿ, ನೊರೆಯ ಕೆಂಪು ವೈನ್ ಬ್ರಾಕೆತ್ತೊ ದಾಕ್ವಿಯೂ ಹೊರಗೆ ಬಂದು, ಕಾಫಿ ಮೆಶಿನ್ ಪಕ್ಕದ ಶೆಲ್ಫಿನಲ್ಲಿ ಬೆಚ್ಚಗೆ ಕೂತಿದೆ.