ಬಾಹ್ಯಾಕಾಶಕ್ಕೆ ಹೋದರೆ ಕಣ್ಣು ಹೋಗುತ್ತಾ ಸಾರ್?

ಶಿವಮೊಗ್ಗದ ದುರ್ಗಿಗುಡಿಯಲ್ಲಿ ಕಣ್ಣು ಪರೀಕ್ಷೆ ಮಾಡಿ ಕನ್ನಡಕ ಕೊಡುವುದು ನನ್ನ ಕೆಲಸ. 2025ರಲ್ಲಿ ಶುಭಾಂಶು ಶುಕ್ಲಾ ಬಾಹ್ಯಾಕಾಶ ನಿಲ್ದಾಣಕ್ಕೆ ಹೋಗಿಬಂದ ಮೇಲೆ ಅಂಗಡಿಗೆ ಬರುವ ಹುಡುಗರದ್ದು ಇದೇ ಪ್ರಶ್ನೆ: "ಅಲ್ಲಿನ ರೇಡಿಯೇಷನ್ನಿಗೆ ಕಣ್ಣು ಹೋಗುತ್ತಂತೆ, ಹೌದಾ ಸಾರ್?" ಹೊಸನಗರದ ಕಡೆ ಕಣ್ಣಿನ ಕ್ಯಾಂಪಿಗೆ ಹೋದರೆ ಮೇಷ್ಟ್ರುಗಳೂ ಕೇಳುತ್ತಾರೆ.

ಕುರುಡಾಗುವುದಿಲ್ಲ. ಹಾಗಂತ ರೇಡಿಯೇಷನ್, ಅಂದರೆ ವಿಕಿರಣ, ಕಣ್ಣನ್ನು ಸುಮ್ನೆ ಬಿಡುವುದೂ ಇಲ್ಲ.

ಮೊದಲಿಗೆ, ಅದು ಕಣ್ಣಿಗೇ ಕಾಣುತ್ತದೆ! 1969ರಲ್ಲಿ ಅಪೊಲೊ 11ರಲ್ಲಿ ಚಂದ್ರನಿಗೆ ಹೋದ ಬಜ್ ಆಲ್ಡ್ರಿನ್‌ಗೆ ಕತ್ತಲಲ್ಲಿ ಮಿಂಚಿನಂಥ ಚುಕ್ಕೆ, ಗೆರೆ ಕಂಡವು. ಕಣ್ಣು ಮುಚ್ಚಿದರೂ ಕಾಣುತ್ತಿದ್ದವು. ಹೀಗಾಗಬಹುದು ಎಂದು ವಿಜ್ಞಾನಿ ಕಾರ್ನೆಲಿಯಸ್ ಟೊಬಾಯಸ್ 1952ರಲ್ಲೇ ಹೇಳಿದ್ದರು. ಬಾಹ್ಯಾಕಾಶದಿಂದ ವೇಗವಾಗಿ ಬರುವ ಕಾಸ್ಮಿಕ್ ಕಣಗಳು ರೆಪ್ಪೆಯನ್ನೂ ತೂರಿ ಕಣ್ಣಿನ ಹಿಂಭಾಗದ ಪರದೆಯಾದ ರೆಟಿನಾವನ್ನು ಹಾದು ಹೋಗುತ್ತವೆ. ಕಣ್ಣು ಅದನ್ನೇ ಬೆಳಕು ಅಂದುಕೊಳ್ಳುತ್ತದೆ. ಅಪೊಲೊ 16 ಮತ್ತು 17ರಲ್ಲಿ ಕಣಗಳ ಜಾಡು ಮೂಡುವ ಫಲಕ ಇರುವ ಟೋಪಿ ಹಾಕಿಸಿ ಇದನ್ನೇ ಪರೀಕ್ಷೆ ಮಾಡಿದರು.

ನಿಲ್ದಾಣ ಇರುವುದು ಸುಮಾರು 400 ಕಿ.ಮೀ. ಎತ್ತರದಲ್ಲಿ. ಅಲ್ಲಿ ಭೂಮಿಯ ಕಾಂತಕ್ಷೇತ್ರದ ರಕ್ಷಣೆ ಇದೆ, ಪೂರ್ತಿ ಅಲ್ಲ. ಆಗುಂಬೆ ಮಳೆಯಲ್ಲಿ ಜಗಲಿ ಮೇಲೆ ಕೂತರೂ ಎರಚಲು ತಾಗುತ್ತದಲ್ಲ, ಹಾಗೆ. ಚಂದ್ರನಿಗೆ ಹೋದವರು ಅಂಗಳಕ್ಕೇ ಇಳಿದಂತೆ.

ಮಿಂಚು ಕಂಡು ಮಾಯವಾಗುತ್ತದೆ. ನಿಜವಾದ ತೊಂದರೆ ಪೊರೆ. ಕಣ್ಣಿನ ಮಸೂರಕ್ಕೆ ರಕ್ತನಾಳ ಇಲ್ಲ. ಚರ್ಮದ ಹಾಗೆ ಹಳೇ ಜೀವಕೋಶ ಉದುರಿ ಹೋಗುವುದೂ ಇಲ್ಲ. ಹಾನಿಯಾದ ಕೋಶ ಒಳಗೇ ಉಳಿದು ನಿಧಾನಕ್ಕೆ ಮಸುಕಾಗುತ್ತದೆ. 2001ರಲ್ಲಿ ಪ್ರಕಟವಾದ ಅಧ್ಯಯನವೊಂದು ನಾಸಾದ 295 ಗಗನಯಾತ್ರಿಗಳ ದಾಖಲೆ ನೋಡಿತು. 39 ಮಂದಿಗೆ ಹಾರಾಟದ ನಂತರ ಮಸೂರ ಮಸುಕಾಗಿತ್ತು. ಅವರಲ್ಲಿ 36 ಮಂದಿ ವಿಕಿರಣ ಜಾಸ್ತಿ ಇರುವ ದಾರಿಯಲ್ಲಿ ಹೋಗಿದ್ದವರು, ಚಂದ್ರನ ಕಡೆ ಹೋದವರೂ ಅದರಲ್ಲಿದ್ದರು. ಎಲ್ಲರಿಗೂ ಆಪರೇಷನ್ ಬೇಕಾಗುವಷ್ಟಲ್ಲ, ಅದೂ ವರ್ಷಗಟ್ಟಲೆ ಕಳೆದ ಮೇಲೆ. ನಮ್ಮ ಕ್ಯಾಂಪುಗಳಲ್ಲಿ ಸಿಗುವ ಪೊರೆಗೆ ವಯಸ್ಸು, ಬಿಸಿಲು, ಸಕ್ಕರೆ ಕಾಯಿಲೆಯೇ ಸಾಕು, ಕಾಸ್ಮಿಕ್ ಕಿರಣ ಬೇಕಿಲ್ಲ!

ಆದರೆ ಜನ "ಗಗನಯಾತ್ರಿಗಳ ದೃಷ್ಟಿ ಹಾಳಾಯಿತು" ಎಂದು ಕೇಳಿರುವ ಸುದ್ದಿ ಹೆಚ್ಚಾಗಿ ಬೇರೆಯದು. ಅದನ್ನು ರೇಡಿಯೇಷನ್ ತಲೆಗೆ ಕಟ್ಟುತ್ತಾರೆ. 2005ರಲ್ಲಿ ನಾಸಾದ ಗಗನಯಾತ್ರಿ ಜಾನ್ ಫಿಲಿಪ್ಸ್ ಸುಮಾರು ಆರು ತಿಂಗಳು ನಿಲ್ದಾಣದಲ್ಲಿದ್ದರು. ನಮ್ಮ ಬೋರ್ಡಿನ ಲೆಕ್ಕದಲ್ಲಿ 6/6 ಇದ್ದ ದೃಷ್ಟಿ, ವಾಪಸ್ ಬಂದಾಗ 6/30 ಆಗಿತ್ತು. ಅಂದರೆ ಸರಿಯಾದ ಕಣ್ಣಿಗೆ 30 ಮೀಟರಿನಿಂದ ಕಾಣುವ ಅಕ್ಷರ ಅವರಿಗೆ 6 ಮೀಟರಿನಿಂದ ಮಾತ್ರ ಕಾಣುತ್ತಿತ್ತು. ತೂಕವಿಲ್ಲದ ಸ್ಥಿತಿಯಲ್ಲಿ ದೇಹದ ನೀರು, ರಕ್ತ ತಲೆಯ ಕಡೆ ಸರಿಯುತ್ತದೆ. ಕೆಲವರಿಗೆ ಕಣ್ಣಿನ ನರದ ಬುಡ ಊದುತ್ತದೆ, ಗುಡ್ಡೆಯ ಹಿಂಭಾಗ ಚಪ್ಪಟೆಯಾಗುತ್ತದೆ. ಆಗ ಹತ್ತಿರದ್ದು ಕಾಣಲು ಪ್ಲಸ್ ನಂಬರ್ ಬೇಕು. ಅದಕ್ಕೇ ನಿಲ್ದಾಣದಲ್ಲಿ ಹೆಚ್ಚುವರಿ ಕನ್ನಡಕ ಇಟ್ಟಿರುತ್ತಾರೆ. ನನ್ನ ವ್ಯಾಪಾರಕ್ಕೆ ಒಳ್ಳೆ ಜಾಗ, ಅಲ್ವಾ?

ಶುಕ್ಲಾ ಅವರದ್ದು ಮೂರು ವಾರವೂ ತುಂಬದ ಪ್ರಯಾಣ, ಆ ಮಟ್ಟದ ಭಯ ಬೇಡ. ಮಂಗಳ ಬೇರೆ ಮಾತು. ಮಂಗಳಕ್ಕೆ ಹೋದ ನಾಸಾದ ಕ್ಯೂರಿಯಾಸಿಟಿ ನೌಕೆ ಅಳೆದ ಪ್ರಕಾರ ಹೋಗಿಬರುವ ದಾರಿಯಲ್ಲೇ ಸುಮಾರು 660 ಮಿಲಿಸೀವರ್ಟ್ (ದೇಹಕ್ಕೆ ತಾಗುವ ವಿಕಿರಣ ಅಳೆಯುವ ಮಾನ) ವಿಕಿರಣ ತಾಗುತ್ತದೆ. ನೆಲದ ಮೇಲಿರುವ ನಮಗೆ ಸಹಜವಾಗಿ ವರ್ಷಕ್ಕೆ ಸರಾಸರಿ 2.4. ಇಷ್ಟಾದರೂ ನನಗೆ ಪೊರೆಯ ಚಿಂತೆ ಕಡಿಮೆ. ವಾಪಸ್ ಬಂದ ಮೇಲೆ ತೆಗೆದು ಹೊಸ ಲೆನ್ಸ್ ಹಾಕಬಹುದು. ನರದ ಊತಕ್ಕೆ ಅಂಥ ಆಪರೇಷನ್ ಇಲ್ಲ.