ಮಾರಿಷಸ್ಸಿನ ರಜಾದಿನಗಳ ನಡುವೆ

ಮಾರಿಷಸ್ ಚಿಕ್ಕ ದ್ವೀಪವಾದರೂ ಅದರ ಸರ್ಕಾರಿ ರಜೆಗಳ ಪಟ್ಟಿಯಲ್ಲಿ ನಮ್ಮ ಯುಗಾದಿ, ಗಣೇಶ ಚತುರ್ಥಿಗಳೂ ಸೇರಿವೆಯೆಂಬುದು ಇಲ್ಲಿಗೆ ಬಂದ ಮೊದಲ ವರ್ಷ ನನಗೆ ಬಹಳ ಸಂತೋಷ ಕೊಟ್ಟಿತು. ಈದ್ ಚಂದ್ರದರ್ಶನವನ್ನು ಅವಲಂಬಿಸಿರುವುದರಿಂದ ಆ ವಾರದ ಕೆಲಸಗಳಲ್ಲಿ ಒಂದು ದಿನವನ್ನು ಖಾಲಿಯಾಗಿಯೇ ಇಟ್ಟುಕೊಳ್ಳುತ್ತೇನೆ. ಆದರೆ ನಿಜವಾದ ಮುಂದಾಲೋಚನೆ ಬೇಕಾಗುವುದು ಮಹಾಶಿವರಾತ್ರಿಗೆ: ಬಿಳಿ ಬಟ್ಟೆ ತೊಟ್ಟ ಭಕ್ತರು ಹೂವು, ಬಣ್ಣದ ಕಾಗದಗಳಿಂದ ಸಿಂಗರಿಸಿದ ಕಾವಡಿಗಳನ್ನು ಹೊತ್ತು, ಊರೂರುಗಳಿಂದ ನಡೆದು ಗಂಗಾ ತಲಾವ್ ಸರೋವರವನ್ನು ಸೇರುವಾಗ ರಸ್ತೆ ಅವರದೇ ಆಗಿರುತ್ತದೆ, ಆಗಿರಲೂ ಬೇಕು. ಆ ದಿನಗಳಲ್ಲಿ ನಾನು ಅತ್ತ ಕಾರು ಒಯ್ಯುವುದಿಲ್ಲ; ದಾರಿಬದಿಯಲ್ಲಿ ಯಾತ್ರಿಕರಿಗೆ ನೀರು, ಹಣ್ಣು ಕೊಡುವವರ ಜೊತೆ ನಿಲ್ಲುತ್ತೇನೆ. ನವೆಂಬರ್ 2ರಂದು, 1834ರಲ್ಲಿ ಭಾರತದಿಂದ ಕರಾರು ಕೂಲಿಗಳು ಬಂದಿಳಿದ ನೆನಪಿನ ದಿನ, ಕಡಲತೀರದ ವಿಹಾರಕ್ಕೆ ಮನಸ್ಸು ಒಪ್ಪದು. ಪೋರ್ಟ್ ಲೂಯಿಯ ಆಪ್ರವಾಸಿ ಘಾಟ್‌ಗೆ ಹೋಗಿ, ಅಂಥ ಕೂಲಿಗಳು ಹತ್ತಿಬಂದ ಕಲ್ಲಿನ ಮೆಟ್ಟಿಲುಗಳ ಬಳಿ ಸ್ವಲ್ಪ ಹೊತ್ತು ನಿಂತು ಬರುತ್ತೇನೆ.